ಡೋರಾಗೆ 25 ತುಂಬಿತು. ಅವಳ ಜೊತೆ ಬೆಳೆದವರು ಇಲ್ಲಿ ಯಾರಿದ್ದೀರಿ?

ಶರಾವತಿ_ಟೆಕ್ಸಾಸ್

2000ನೇ ಇಸವಿ ಆಗಸ್ಟ್ 14ಕ್ಕೆ ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ ಡೋರಾ ಅನ್ನೋ ಪುಟ್ಟ ಹುಡುಗಿಯ ಕಾರ್ಟೂನ್ ಶುರುವಾಯಿತು, ಇಂಗ್ಲಿಷ್ ನಡುವೆ ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡುತ್ತಾ. ಲೆಕ್ಕ ಹಾಕಿ, 2025ರ ಆಗಸ್ಟ್‌ಗೆ ಇಪ್ಪತ್ತೈದು ವರ್ಷ. ಅವಳಿಗೆ ಈಗಲೂ ಏಳೇ ವರ್ಷ. ಅದೇ ಮೋಟು ಕೂದಲು, ಅದೇ ಗುಲಾಬಿ ಅಂಗಿ, ಕಿತ್ತಳೆ ಚಡ್ಡಿ, ಬೆನ್ನಿಗೆ ನೇರಳೆ ಚೀಲ. ವಯಸ್ಸಾಗಿದ್ದು ನಮಗೆ.

ನನ್ನ ಮಗಳು ಹುಟ್ಟಿದ್ದು 2003ರಲ್ಲಿ, ಇಲ್ಲೇ ಟೆಕ್ಸಾಸ್‌ನಲ್ಲಿ. ಮನೆಯಲ್ಲಿ ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್. ಇವೆರಡರ ಸಂದಿಯಲ್ಲಿ ಸ್ಪ್ಯಾನಿಷ್ ಯಾವಾಗ ನುಸುಳಿತೋ ನಮಗೆ ಗೊತ್ತೇ ಆಗಲಿಲ್ಲ. ಮೂರು ವರ್ಷದವಳಿದ್ದಾಗ ಒಂದು ದಿನ ಬಚ್ಚಲುಮನೆ ಬಾಗಿಲ ಮುಂದೆ ನಿಂತು "ಆಬ್ರೆ! ಆಬ್ರೆ!" ಅಂತ ಕಿರುಚುತ್ತಿದ್ದಳು. ಒಳಗಿದ್ದವರು ಸಾಗರದಿಂದ ಬಂದಿದ್ದ ನನ್ನ ಅಮ್ಮ. "ಏನೇ ಇದು ಅಬ್ಬರ?" ಅಂತ ಗಾಬರಿಯಲ್ಲಿ ಬಾಗಿಲು ತೆಗೆದರು. ಮಗಳಿಗೆ ಅಷ್ಟೇ ಸಾಕಾಯಿತು. ಆ ಮಾತು ಹೇಳಿದರೆ ಬಾಗಿಲು ತೆರೆಯುತ್ತದೆ ಅಂತ ಡೋರಾ ಹೇಳಿಕೊಟ್ಟಿದ್ದಳು. ಅಜ್ಜಿ ಅದನ್ನು ನಿಜ ಮಾಡಿಬಿಟ್ಟರು.

ಆಮೇಲೆ ಎಣಿಕೆ. ಉನೊ, ದೋಸ್, ತ್ರೇಸ್ ಅನ್ನೋದು ನಮ್ಮ ಮನೆಯಲ್ಲಿ "ಉನೊ, ದೋಸೆ, ತ್ರೇಸ್" ಆಯಿತು. ಇವತ್ತಿಗೂ ನಮ್ಮಲ್ಲಿ ಎರಡಕ್ಕೆ ದೋಸೆ ಅಂತಲೇ. "ಎಷ್ಟು ಹಾಕಲಿ?" "ದೋಸೆ ದೋಸೆ." ನಗಬೇಡಿ.

ನಿಮ್ಮ ನೆನಪು ಹೇಳಿ. ಬೈಯೋದಿದ್ದರೂ ಬೈಯಿರಿ, ಹಬ್ಬದ ದಿನ ಅದೂ ಇರಲಿ.

ಹಲಸೂರು_ಹುಡುಗ

ಅಕ್ಕ, ನನ್ನದು ತಲೆಕೆಳಗಾದ ಕಥೆ.

2007ರಲ್ಲಿ ತಮಿಳಿನ ಮಕ್ಕಳ ಚಾನೆಲ್ ಚುಟ್ಟಿ ಟಿವಿ ಶುರುವಾದಾಗ ನನಗೆ ಆರು ವರ್ಷ. ಕನ್ನಡದಲ್ಲಿ ಮಕ್ಕಳ ಚಾನೆಲ್ ಇನ್ನೂ ಬಂದಿರಲಿಲ್ಲ. ಹಲಸೂರಿನಲ್ಲಿ ಪಕ್ಕದ ಮನೆಯವರದೆಲ್ಲ ತಮಿಳೇ. ಅವರ ಮನೆಯಲ್ಲಿ ಸಂಜೆ ‘ಡೋರಾವಿನ್ ಪಯಣಂಗಳ್’ ಬರುತ್ತಿತ್ತು. ಅಲ್ಲಿ ಡೋರಾ ತಮಿಳು ಮಾತಾಡುತ್ತಾಳೆ, ನಡುನಡುವೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಅವಳ ಜೊತೆಗಾರ ಬೂಟ್ಸ್ ಅನ್ನೋ ಕೋತಿಗೆ ಅಲ್ಲಿ ಬುಜ್ಜಿ ಅಂತ ಹೆಸರು. ತಮಿಳರಲ್ಲಿ ಯಾರಾದರೂ ಇಬ್ಬರು ಸದಾ ಅಂಟಿಕೊಂಡೇ ತಿರುಗುತ್ತಿದ್ದರೆ ಈಗಲೂ ಡೋರಾ ಬುಜ್ಜಿ ಅಂತಲೇ ಛೇಡಿಸುತ್ತಾರೆ.

ಈಗ ನೋಡಿ ಲೆಕ್ಕ. ಈ ಹುಡುಗಿಯನ್ನು ಮಾಡಿದ್ದು ಇಂಗ್ಲಿಷ್ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸೋಕೆ. ತಂದಿದ್ದು ತಮಿಳು ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ. ಕಲಿತಿದ್ದು ಮಾತ್ರ ಒಬ್ಬ ಕನ್ನಡದ ಹುಡುಗ, ಅದೂ ತಮಿಳು! ಅಮ್ಮ ಒಂದು ತಿಂಗಳು ಪಕ್ಕದ ಮನೆಗೆ ಕಳಿಸೋದೇ ನಿಲ್ಲಿಸಿದ್ದರು. ಅಷ್ಟರಲ್ಲಿ ಕೆಲಸ ಕೆಟ್ಟಾಗಿತ್ತು. ಈಗ ಚೆನ್ನೈ ಕ್ಲೈಂಟ್ ಮಾತಾಡುವಾಗ ಆಫೀಸಿನಲ್ಲಿ ನನ್ನನ್ನೇ ಕರೆಯುತ್ತಾರೆ.

ಗಡಿನಾಡಿನವಳು

ನಮ್ಮದು ಕಾಸರಗೋಡು ಮಾರಾಯ್ರೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಶಾಲೆಯ ಆಚೆ ಮಲಯಾಳ. ನನ್ನ ತಮ್ಮ ಮಲಯಾಳ ಕಲಿತದ್ದು ಕೊಚ್ಚು ಟಿವಿಯ ಡೋರಾಳಿಂದ. "ಕುರುನರಿ ಮೋಷ್ಟಿಕ್ಕರುದ್" (ನರಿಯೇ, ಕದಿಯಬೇಡ) ಅಂತ ಮೂರು ಸಲ ಹೇಳಬೇಕು, ಕದಿಯಲು ಬಂದ ನರಿ ಓಡಿಹೋಗಬೇಕು. ಇಡೀ ಕೇರಳಕ್ಕೆ ಆ ಸಾಲು ಬಾಯಿಪಾಠ. ಕಾಲೇಜಿನಲ್ಲಿ ಯಾರಾದರೂ ಪಕ್ಕದವರ ಡಬ್ಬಿಗೆ ಕೈಹಾಕಿದರೆ ಇಡೀ ಬೆಂಚು ಒಟ್ಟಿಗೆ ಕೂಗುತ್ತಿತ್ತು.

ತಮ್ಮ ಹಲಸಿನ ಹಪ್ಪಳದ ಡಬ್ಬಿಯ ಮೇಲೂ ಅದನ್ನೇ ಬರೆದಿಟ್ಟಿದ್ದ. ನರಿ ಅಂದರೆ ನಾನು.

ಹಳೇ_ಆಂಟೆನಾ

ಹಬ್ಬ ಅಂದಮೇಲೆ ಹುಟ್ಟಿದ ಕಥೆಯೂ ಬೇಕಲ್ಲ. ಗೊತ್ತಿರೋದು ಹೇಳುತ್ತೇನೆ. ಬೋರಾದರೆ ಮುಂದಕ್ಕೆ ಹೋಗಿ.

ಮಾಡಿದವರು ಮೂವರು: ಕ್ರಿಸ್ ಗಿಫರ್ಡ್, ವ್ಯಾಲೆರಿ ವಾಲ್ಶ್, ಎರಿಕ್ ವೀನರ್. ಮೊದಲ ಯೋಚನೆಯಲ್ಲಿ ಸ್ಪ್ಯಾನಿಷ್ ಇರಲೇ ಇಲ್ಲ. ಅಮೆರಿಕದ ಟಿವಿಯಲ್ಲಿ ಲ್ಯಾಟಿನೊ ಜನ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಕಾಣಿಸೋದೇ ಇಲ್ಲ ಅಂತ ಒಂದು ಸಮ್ಮೇಳನದಲ್ಲಿ ಮಾತು ಬಂತು. ಅದನ್ನು ಕೇಳಿಬಂದ ಚಾನೆಲ್‌ನವರು ಈ ಮೂವರಿಗೆ "ನಿಮ್ಮ ಹುಡುಗಿ ಲ್ಯಾಟಿನಾ ಆಗಬಹುದಲ್ವಾ?" ಅಂತ ಕೇಳಿದರು. ಆಮೇಲೆ ಬಂದದ್ದೇ ಡೋರಾ ಮಾರ್ಕೇಸ್. ಹೆಸರಿನಲ್ಲೂ ಒಂದು ಆಟ ಇದೆ. ಸ್ಪ್ಯಾನಿಷ್‌ನಲ್ಲಿ ಹೊಸ ಜಾಗ ಹುಡುಕಿಕೊಂಡು ಹೋಗುವವಳಿಗೆ ‘ಎಕ್ಸ್‌ಪ್ಲೊರಾದೊರಾ’ ಅಂತಾರೆ. ಅದರ ಬಾಲವೇ ಡೋರಾ.

ಅವಳು ಯಾವ ದೇಶದವಳು ಅಂತ ಎಲ್ಲೂ ಹೇಳಿಲ್ಲ, ಬೇಕೆಂದೇ. ಮೆಕ್ಸಿಕೊದವರೂ ಪೋರ್ಟೊ ರೀಕೊದವರೂ ನಮ್ಮವಳೇ ಅಂದುಕೊಳ್ಳಲಿ ಅಂತ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಹುಬ್ಬಳ್ಳಿಯವಳಾ ಮಂಗಳೂರಿನವಳಾ ಅಂತ ಗೊತ್ತಾಗದ ಹಾಗೆ ಒಬ್ಬ ಕನ್ನಡದ ಹುಡುಗಿಯನ್ನು ಮಾತಾಡಿಸಬೇಕು. ಸುಲಭ ಅಲ್ಲ!

ಇನ್ನೊಂದು ಸಂಗತಿ ಬಹಳ ಜನ ಗಮನಿಸಿಲ್ಲ. ಕಾರ್ಯಕ್ರಮ ಶುರುವಾಗುವಾಗ ಕ್ಯಾಮೆರಾ ಒಂದು ಮಗುವಿನ ಕೋಣೆಯೊಳಗೆ ಹೋಗಿ, ಅಲ್ಲಿರುವ ಕಂಪ್ಯೂಟರಿನ ಪರದೆಯೊಳಗೆ ಇಳಿಯುತ್ತದೆ. ಡೋರಾ ಇರುವುದು ಆ ಕಂಪ್ಯೂಟರಿನಲ್ಲಿ. ಅದಕ್ಕೇ ಸರಿ ಉತ್ತರದ ಮೇಲೆ ನೀಲಿ ಬಾಣವೊಂದು ಬಂದು ‘ಟಿಕ್’ ಅಂತ ಒತ್ತುವುದು. ಅದು ಸಿಡಿ ಹಾಕಿ ಆಟ ಆಡುತ್ತಿದ್ದ ಕಾಲ.

2005ರಲ್ಲಿ ನ್ಯೂಯಾರ್ಕ್‌ನ ಮೇಸೀಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ ಅವಳ ದೈತ್ಯ ಬಲೂನು ಹಾರಿತು. ಆ ಮೆರವಣಿಗೆಯಲ್ಲಿ ಲ್ಯಾಟಿನೊ ಪಾತ್ರವೊಂದು ಬಲೂನಾಗಿದ್ದು ಅದೇ ಮೊದಲು.

ಸಾಕಪ್ಪಾ_ಸಾಕು

ಬೈಯಬಹುದು ಅಂದಿರಿ, ಬಂದೆ.

ನನಗೆ ಇಬ್ಬರು ಮಕ್ಕಳು, ನಾಲ್ಕು ವರ್ಷದ ಅಂತರ. ಹಾಗಾಗಿ ಡೋರಾ ಎರಡು ಸಲ ನನ್ನ ಮನೆ ಹೊಕ್ಕಳು. ಆ ಹುಡುಗಿಗೆ ಮೆಲ್ಲಗೆ ಮಾತಾಡೋಕೆ ಬರುವುದೇ ಇಲ್ಲವಾ? ಬೆಟ್ಟ ಎಲ್ಲಿದೆ ಅಂತ ಕೇಳುತ್ತಾಳೆ, ಬೆಟ್ಟ ಅವಳ ಬೆನ್ನ ಹಿಂದೆಯೇ ಇರುತ್ತದೆ! ಪಕ್ಕದಲ್ಲಿ ಮಾತಾಡುವ ಮ್ಯಾಪು, ಬೆನ್ನಿಗೆ ಮಾತಾಡುವ ಚೀಲ. ಆದರೂ ದಾರಿ ಕೇಳುವುದು ಸೋಫಾ ಮೇಲೆ ಕೂತ ನನ್ನ ಮಗನನ್ನು. ಅವನೂ ಎದ್ದು ನಿಂತು, ಟಿವಿಗೆ ಬೆರಳು ಒತ್ತಿ, ಗಂಟಲು ಹರಿಯುವ ಹಾಗೆ ಉತ್ತರ ಹೇಳುತ್ತಿದ್ದ. ಅವಳು ಆರಾಮವಾಗಿ ಕಣ್ಣು ಪಿಳಿಪಿಳಿ ಮಾಡುತ್ತಾ ಕಾಯುತ್ತಿದ್ದಳು. ಕೆಳಗಿನ ಮನೆಯವರು ಮಾತ್ರ ಕಾಯುತ್ತಿರಲಿಲ್ಲ.

ಮೊದಲು ಸೇತುವೆ, ಆಮೇಲೆ ಕಾಡು, ಆಮೇಲೆ ಬೆಟ್ಟ. ಪ್ರತಿ ಸಲ ಮೂರೇ ಜಾಗ, ಒಂದೊಂದನ್ನೂ ಹತ್ತು ಸಲ ಹೇಳಬೇಕು. ನಮ್ಮೂರ ಬಸ್ ಕಂಡಕ್ಟರ್ ಕೂಡ ಅಷ್ಟು ಸಲ ಊರ ಹೆಸರು ಕೂಗಲ್ಲ.

ಭಾಷೆ ಕಲಿತರಾ ಅಂದರೆ, ನಾಲ್ಕು ಬಣ್ಣ, ಹತ್ತು ಅಂಕಿ, ನಮಸ್ಕಾರಕ್ಕೆ ಒಂದು ‘ಓಲಾ’. ಅದಕ್ಕೆ ಇಷ್ಟು ಸಂಭ್ರಮವಾ?

ಚಿಂಟು_ಪೀಳಿಗೆ

ಸರ್, ಸಮಾಧಾನ! ನಾನು ದಾವಣಗೆರೆಯವಳು. ನಮಗೆ ಡೋರಾ ಕನ್ನಡದವಳೇ. 2009ರಲ್ಲಿ ಚಿಂಟು ಟಿವಿ ಬಂತಲ್ಲ, ಅಲ್ಲಿ ಅವಳು ಅಪ್ಪಟ ಕನ್ನಡದಲ್ಲಿ ಮಾತಾಡುತ್ತಿದ್ದಳು. ಆಗಿನ ಡಬ್ಬಿಂಗ್ ಜಗಳ ನೆನಪಿದೆಯಾ? ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗಬಾರದು ಅಂತ ಉದ್ಯಮದವರು ಪಟ್ಟು ಹಿಡಿದಿದ್ದ ಕಾಲ. ದೊಡ್ಡವರು ಅಲ್ಲಿ ಜಗಳ ಆಡುತ್ತಿದ್ದರು. ಇಲ್ಲಿ ಕೋತಿ, ನರಿ, ಹೋರಿ, ಅಳಿಲು ಎಲ್ಲವೂ ಸದ್ದಿಲ್ಲದೆ ಕನ್ನಡ ಮಾತಾಡಿಕೊಂಡಿದ್ದವು. ನನಗೆ ಆಗ ಗೊತ್ತೇ ಇರಲಿಲ್ಲ ಅವಳು ಬೇರೆ ದೇಶದವಳು ಅಂತ. ನಮ್ಮ ಅಜ್ಜಿ ಅಂತೂ "ಆ ಹುಡುಗಿ ಊಟ ಯಾವಾಗ ಮಾಡುತ್ತೆ, ಮನೆಗೆ ಹೋಗೋದೇ ಇಲ್ವಾ?" ಅಂತ ಮರುಗುತ್ತಿದ್ದರು.

ಮ್ಯೂನಿಕ್‌ನ_ಮಲ್ನಾಡಿಗ

ಹಲಸೂರಿನವರ ಲೆಕ್ಕಕ್ಕೆ ಇನ್ನೊಂದು ಸೇರಿಸಿ. ಇಲ್ಲಿ ಜರ್ಮನಿಯಲ್ಲಿ ಡೋರಾ ಜರ್ಮನ್ ಮಾತಾಡಿ ಇಂಗ್ಲಿಷ್ ಕಲಿಸುತ್ತಾಳೆ. ಲ್ಯಾಟಿನ್ ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡಿ ಇಂಗ್ಲಿಷ್ ಕಲಿಸುತ್ತಾಳೆ. ಅಂದರೆ ಅಮೆರಿಕದಲ್ಲಿ ಯಾವುದು ಮನೆಮಾತೋ ಅಲ್ಲಿ ಅದು ಪಾಠ, ಯಾವುದು ಪಾಠವೋ ಅದು ಮನೆಮಾತು. ಎಲ್ಲಿಗೆ ಹೋದರೂ ಅವಳಿಗೆ ಎರಡು ಭಾಷೆ ಗ್ಯಾರಂಟಿ. ಆದರೆ ಅಮೆರಿಕ ಬಿಟ್ಟು ಬಹಳ ಕಡೆ ಎರಡನೆಯದು ಇಂಗ್ಲಿಷೇ, ಗಮನಿಸಿದಿರಾ? ಚಿಂಟುವಿನಲ್ಲಿ ಕೂಡ ಹಾಗೇ ಅಲ್ವಾ?

ಚಿಂಟು_ಪೀಳಿಗೆ

ಹೌದು, ಇಂಗ್ಲಿಷೇ. ಶಾಲೆಯಲ್ಲಿ ಹೊಡೆತ ತಿಂದು ಕಲಿತಿದ್ದನ್ನೇ ಅವಳು ನಗುತ್ತಾ ಹೇಳಿಕೊಡುತ್ತಿದ್ದಳು. ಅದಕ್ಕೇ ಇಷ್ಟ ಆದಳೇನೋ.

ಮಾತುಗಾರ್ತಿ_ಮೈಸೂರು

ನಾನು ಸ್ಪೀಚ್ ಥೆರಪಿಸ್ಟ್. ಹದಿನೈದು ವರ್ಷದಿಂದ ಮಾತು ತಡವಾದ ಮಕ್ಕಳ ಜೊತೆ ಕೆಲಸ. ಸಾಕಪ್ಪಾ ಸರ್ ಬೈದ ಎರಡು ವಿಷಯವನ್ನೇ ನಾನು ಹೊಗಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು, ಆ ಕಣ್ಣು ಪಿಳಿಪಿಳಿ. ಕೇಳಿದ ಮೇಲೆ ಸುಮ್ನೆ ಕಾಯುವುದು. 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಅನ್ನೋ ಮಕ್ಕಳ ಕಾರ್ಯಕ್ರಮದಲ್ಲೂ ಇದೇ ಇತ್ತು, ಡೋರಾ ಅದನ್ನು ಇನ್ನೂ ಜೋರಾಗಿ ಮಾಡಿದಳು. ನೀವು ನಂಬಲ್ಲ, ಅಪ್ಪ ಅಮ್ಮಂದಿರಿಗೆ ನಾನು ಕಲಿಸುವ ಅತಿ ಕಷ್ಟದ ಪಾಠ ಇದೇ. ಮಗುವಿಗೆ ಪ್ರಶ್ನೆ ಕೇಳಿ ಐದು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ ಅನ್ನುತ್ತೇನೆ. ಎರಡು ಎಣಿಸುವಷ್ಟರಲ್ಲಿ ಅವರೇ ಉತ್ತರ ಹೇಳಿಬಿಡುತ್ತಾರೆ. ಎದುರಿಗೆ ಮಗು ಬಾಯಿ ತೆರೆದುಕೊಂಡು ಕೂತಿರುತ್ತದೆ. ಟಿವಿಯ ಗೊಂಬೆಗೆ ಇರುವ ತಾಳ್ಮೆ ನಮಗಿಲ್ಲ.

ಎರಡು, ಹೇಳಿದ್ದನ್ನೇ ಹೇಳುವುದು. ದೊಡ್ಡವರಿಗೆ ತಲೆನೋವು, ಮಕ್ಕಳಿಗೆ ಧೈರ್ಯ. ಮುಂದೇನು ಬರುತ್ತದೆ ಅಂತ ಗೊತ್ತಿದ್ದರೆ ಮಗು ಮೊದಲೇ ಹೇಳಿ ಗೆಲ್ಲುತ್ತದೆ. ನಮ್ಮ ಗುಬ್ಬಕ್ಕನ ಕಥೆ ಹೇಗಿದೆ ಹೇಳಿ? ಬಾಗಿಲು ತೆಗಿ ಅಂತ ಕಾಗಕ್ಕ ಎಷ್ಟು ಸಲ ಕೇಳುತ್ತದೆ? ನಾವು ಯಾರೂ ಆಗ ಬೋರು ಅನ್ನಲಿಲ್ಲ.

2005ರಲ್ಲಿ ಲೈನ್‌ಬಾರ್ಗರ್ ಮತ್ತು ವಾಕರ್ ಅನ್ನುವವರು ಎರಡೂವರೆ ವರ್ಷದವರೆಗಿನ ಪುಟ್ಟ ಮಕ್ಕಳನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಡೋರಾ, ಬ್ಲೂಸ್ ಕ್ಲೂಸ್ ತರಹದ್ದನ್ನು ನೋಡಿದ ಮಕ್ಕಳಿಗೆ ಶಬ್ದಗಳು ಜಾಸ್ತಿ ಬರುತ್ತಿದ್ದವು. ಟೆಲಿಟಬೀಸ್ ಅನ್ನೋ ಇನ್ನೊಂದು ಮಕ್ಕಳ ಕಾರ್ಯಕ್ರಮ ನೋಡಿದವರಿಗೆ ಕಡಿಮೆ. ಹಾಗಂತ ಟಿವಿಯೇ ಕಲಿಸಿತು ಅಂತ ಇದರಿಂದ ಸಾಬೀತಾಗುವುದಿಲ್ಲ, ಎರಡೂ ಒಟ್ಟಿಗೆ ಕಂಡವು ಅಷ್ಟೇ. ಟಿವಿ ಹಾಕಿ ಅಡುಗೆಮನೆಗೆ ಹೋಗಿ ಅಂತಲೂ ನಾನು ಹೇಳುತ್ತಿಲ್ಲ.

ನನಗೆ ಡೋರಾಗಿಂತ ಇಷ್ಟವಾದ ಪಾತ್ರ ಟೀಕೊ. ಹಳದಿ ಕಾರು ಓಡಿಸುವ ಅಳಿಲು. ನಿಮಗೆಲ್ಲ ನೆನಪಿದೆಯಾ? ಅಮೆರಿಕದ ಡೋರಾದಲ್ಲಿ ಅವನಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಹೆಚ್ಚು ಬರುವುದಿಲ್ಲ. ಅವನ ಕಾರು ಹತ್ತಬೇಕಾ, ಅವನ ಭಾಷೆಯಲ್ಲೇ ಕೇಳಬೇಕು. ಇಡೀ ಕಾರ್ಯಕ್ರಮದ ಗುಟ್ಟು ಅಲ್ಲಿದೆ ಅಂತ ನನ್ನ ಅಭಿಪ್ರಾಯ. ಡೋರಾಗೆ ಎರಡೂ ಬರುತ್ತದೆ, ಅವಳ ಜೊತೆ ಮಗು ಯಾವುದರಲ್ಲಾದರೂ ಹೇಗೋ ನಿಭಾಯಿಸುತ್ತದೆ. ಟೀಕೊ ಹತ್ತಿರ ಆ ಆಟ ನಡೆಯಲ್ಲ. ಎದುರಿಗಿರುವವನಿಗೆ ಬೇರೆ ಭಾಷೆ ಬರದಿದ್ದಾಗಲೇ ಮಗು ಬಾಯಿ ಬಿಡುವುದು.

ಅಮೆರಿಕ, ಜರ್ಮನಿಯ ಅಪ್ಪ ಅಮ್ಮಂದಿರು ನನಗೆ ವಿಡಿಯೊ ಕಾಲ್ ಮಾಡಿ ಕೇಳುತ್ತಾರೆ, "ಮೇಡಂ, ಮಗುವಿಗೆ ಕನ್ನಡ ಅರ್ಥ ಆಗುತ್ತೆ, ಮಾತಾಡಲ್ಲ, ಏನು ಮಾಡೋದು?" ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಮನೆಯಲ್ಲಿ ಟೀಕೊ ಯಾರು?

ಮ್ಯೂನಿಕ್‌ನ_ಮಲ್ನಾಡಿಗ

ಮೇಡಂ, ಸರಿಯಾಗಿ ಕುಟುಕಿದಿರಿ. ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮಗಳು ಜರ್ಮನ್‌ನಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳಿಗೂ ಅರ್ಥವಾಗುತ್ತೆ, ನನಗೂ ಅರ್ಥವಾಗುತ್ತೆ. ಮತ್ತೆ ಅವಳು ಯಾಕೆ ಕಷ್ಟಪಡುತ್ತಾಳೆ? ಕನ್ನಡ ಕೂಟದ ಭಾನುವಾರದ ತರಗತಿಗೆ ಹಾಕಿದ್ದೇವೆ. ಅ ಆ ಇ ಈ ಬರೆಯುತ್ತಾಳೆ, ಬಿಡುವಿನಲ್ಲಿ ಎಲ್ಲ ಮಕ್ಕಳೂ ಜರ್ಮನ್‌ನಲ್ಲೇ ಹರಟುತ್ತಾರೆ.

ಹಳೇ_ಆಂಟೆನಾ

ಮೇಡಂ ಮಾತಿಗೆ ಒಂದು ತಕರಾರು. ಡೋರಾಳ ಎರಡು ಭಾಷೆ ಬಹಳ ಒಪ್ಪ ಓರಣ. ಒಂದು ಸ್ಪ್ಯಾನಿಷ್ ಪದ, ಪಕ್ಕದಲ್ಲೇ ಇಂಗ್ಲಿಷ್ ಅರ್ಥ. ನಿಜವಾದ ಎರಡು ಭಾಷೆಯ ಮನೆಯಲ್ಲಿ ಹಾಗೆ ಯಾರು ಮಾತಾಡುತ್ತಾರೆ? ಒಂದೇ ವಾಕ್ಯದಲ್ಲಿ ಮೂರು ಭಾಷೆ ಕಲಸಿರುತ್ತದೆ. ನಾವು "ಬಸ್ ಮಿಸ್ ಆಯ್ತು, ಆಟೊ ಕ್ಯಾಚ್ ಮಾಡು" ಅನ್ನಲ್ವಾ?

ಆದರೂ ಅವಳು ಮಾಡಿದ ಒಂದು ಕೆಲಸ ದೊಡ್ಡದು. ಅಮೆರಿಕದಲ್ಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಸ್ಪ್ಯಾನಿಷ್ ಮಾತಾಡಿದರೆ ತಿರುಗಿ ನೋಡುವವರಿದ್ದರು, ಈಗಲೂ ಇದ್ದಾರೆ. 2010ರಲ್ಲಿ ಅರಿಜೋನಾದ ವಲಸೆ ಕಾನೂನಿನ ಗಲಾಟೆ ಎದ್ದಾಗ ಪೊಲೀಸರು ಡೋರಾಳನ್ನೇ ಹಿಡಿದ ಹಾಗೆ ಯಾರೋ ಮೊದಲೇ ತಿದ್ದಿದ್ದ ಚಿತ್ರವೊಂದು ಊರೆಲ್ಲ ಓಡಾಡಿತು, ಮುಖಕ್ಕೆ ಪೆಟ್ಟು ಬಿದ್ದ ಗುರುತು ಸಮೇತ. ಗಡಿ ದಾಟಿ ಬಂದವಳು ಅಂತ! ಬೇರೆ ಯಾವ ಕಾರ್ಟೂನ್ ಹುಡುಗಿಯನ್ನು ಯಾರಾದರೂ ಕಾಗದ ಪತ್ರ ತೋರಿಸು ಅಂತ ಕೇಳಿದ್ದಾರೆ? ಅಂಥ ಕಡೆ, ಸ್ಪ್ಯಾನಿಷ್ ಬಂದರೆ ಬಾಗಿಲು ತೆರೆಯುತ್ತದೆ ಅಂತ ಮೂರು ವರ್ಷದ ಮಕ್ಕಳಿಗೆ ದಿನಾ ಹೇಳಿದ್ದು ಸಣ್ಣ ಮಾತಲ್ಲ.

ಗಡಿನಾಡಿನವಳು

ಇದು ನನಗೆ ತಾಗಿತು. ಕಾಸರಗೋಡಿನ ಆಫೀಸುಗಳಲ್ಲಿ ಕನ್ನಡ ಮಾತಾಡುವಾಗ ದನಿ ತನ್ನಷ್ಟಕ್ಕೇ ತಗ್ಗುತ್ತದೆ. ನಮ್ಮ ಭಾಷೆಯಿಂದ ಬಾಗಿಲು ತೆರೆಯುತ್ತದೆ ಅಂತ ಟಿವಿಯಲ್ಲಿ ಯಾರೂ ನಮಗೆ ಹೇಳಲಿಲ್ಲ.

ಹಲಸೂರು_ಹುಡುಗ

ಹೊಸ ಡೋರಾ ನೋಡಿದಿರಾ ಯಾರಾದರೂ? 2024ರ ಏಪ್ರಿಲ್‌ನಲ್ಲಿ ಪ್ಯಾರಮೌಂಟ್ ಪ್ಲಸ್‌ನಲ್ಲಿ ಬಂತು, ಪೂರ್ತಿ ಕಂಪ್ಯೂಟರ್ ಅನಿಮೇಷನ್. ಡೋರಾಗೆ ಈಗ ಡಯಾನಾ ಜೆರ್ಮೆನ್ಯೊ ಅನ್ನುವ ಹುಡುಗಿಯ ದನಿ. ಮೊದಲ ಡೋರಾಗೆ ದನಿ ಕೊಟ್ಟಿದ್ದ ಕ್ಯಾಥ್ಲೀನ್ ಹರ್ಲೆಸ್ ಇದರಲ್ಲಿ ಡೋರಾಳ ಅಮ್ಮ! ಇದನ್ನು ಓದಿದಾಗ ಯಾಕೋ ಗಂಟಲು ಕಟ್ಟಿತು. 2019ರ ಸಿನಿಮಾ ನನಗೆ ಅಷ್ಟಕ್ಕಷ್ಟೆ. ಹೈಸ್ಕೂಲಿಗೆ ಹೋಗುವ ಡೋರಾ ಬೇಡ ಗುರೂ.

ಶರಾವತಿ_ಟೆಕ್ಸಾಸ್

ಟೀಕೊ ಮಾತು ಬಂತಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ನಮ್ಮ ಮನೆಯ ಟೀಕೊ ನನ್ನ ಅಮ್ಮ.

ಮಗಳು ಡೇಕೇರ್‌ಗೆ ಹೋಗಲು ಶುರುಮಾಡಿ ಆರು ತಿಂಗಳಿಗೆ ಕನ್ನಡ ಮಾತಾಡುವುದು ನಿಂತೇಹೋಗಿತ್ತು. ಅಮ್ಮ ಬಂದರು, ಆರು ತಿಂಗಳು ಇದ್ದರು. ಮೊಮ್ಮಗಳು ಬಂದು ನೀರು ಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಅಮ್ಮ ಮುಖ ನೋಡಿ ನಗುವುದು, "ಏನು ಪುಟ್ಟಿ?" ಅನ್ನುವುದು. ಹಾಲು ತೋರಿಸುವುದು, ಬಾಳೆಹಣ್ಣು ತೋರಿಸುವುದು, ಪೊರಕೆ ತೋರಿಸುವುದು. ಕೊನೆಗೆ ಇವಳೇ ಸೋತು "ನೀರು ಅಜ್ಜಿ, ನೀರು!" ಅನ್ನಬೇಕು. ಮಗಳು ನನ್ನ ಹತ್ತಿರ ಬಂದು ಗುಟ್ಟಾಗಿ, "ಪಾಪ ಅಮ್ಮ, ಅಜ್ಜಿಗೆ ಇಂಗ್ಲಿಷ್ ಬರಲ್ಲ, ಟೀಕೊ ಥರ" ಅಂದಳು. ಆಮೇಲೆ ಎಲ್ಲ ಕಡೆ ಅಜ್ಜಿಗೆ ಇವಳೇ ದುಭಾಷಿ. ಅಂಗಡಿಯಲ್ಲಿ, ಲೈಬ್ರರಿಯಲ್ಲಿ, ಡಾಕ್ಟರ್ ಹತ್ತಿರ. ನಾಲ್ಕು ವರ್ಷದ ಹುಡುಗಿ ಡಾಕ್ಟರ್ ಹೇಳಿದ್ದನ್ನು ಕನ್ನಡ ಮಾಡಿ, ಅಜ್ಜಿಯ ಮಂಡಿನೋವನ್ನು ಇಂಗ್ಲಿಷ್ ಮಾಡಿ ಹೇಳುತ್ತಿದ್ದಳು. ಬೆನ್ನಿಗೆ ನೇರಳೆ ಚೀಲ ಬೇರೆ.

ಈಗ ಅಸಲಿ ವಿಷಯ. ನನ್ನ ಅಮ್ಮ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಮೇಷ್ಟ್ರು. ಅವರ ಕೈಯಲ್ಲಿ ಗ್ರಾಮರ್‌ಗೆ ಏಟು ತಿನ್ನದವರು ಸಾಗರದ ಆ ಬೀದಿಯಲ್ಲೇ ಇಲ್ಲ.

ಆರು ತಿಂಗಳು ಒಂದು ಇಂಗ್ಲಿಷ್ ಪದ ಆಡಲಿಲ್ಲ. ಆಮೇಲಿನ ಪ್ರತಿ ಭೇಟಿಯಲ್ಲೂ, ಪ್ರತಿ ಫೋನಿನಲ್ಲೂ ಅದೇ ನಾಟಕ. ಮೊಮ್ಮಗಳು ಮಲಗಿದ ಮೇಲೆ ಬಾಗಿಲು ಹಾಕಿಕೊಂಡು ಇಂಗ್ಲಿಷ್ ಪೇಪರ್ ಓದುತ್ತಿದ್ದರು, ಕದ್ದು ಸಿಗರೇಟು ಸೇದುವವರ ಹಾಗೆ.

ಸಾಕಪ್ಪಾ_ಸಾಕು

ಇಂಗ್ಲಿಷ್ ಮೇಷ್ಟ್ರಾ!! ಅಮ್ಮನವರಿಗೆ ನನ್ನ ದೊಡ್ಡ ನಮಸ್ಕಾರ. ಡೋರಾಗೆ ಸಣ್ಣದು.

ಮಾತುಗಾರ್ತಿ_ಮೈಸೂರು

ಶರಾವತಿಯವರೇ, ನಿಮ್ಮ ಅಮ್ಮನ ಈ ಕಥೆಯನ್ನು ನನ್ನ ಕ್ಲಿನಿಕ್‌ನಲ್ಲಿ ಹೇಳಬಹುದಾ? ಪೊರಕೆ ತೋರಿಸಿದ್ದನ್ನಂತೂ ಖಂಡಿತ ಹೇಳುತ್ತೇನೆ.

ಮ್ಯೂನಿಕ್‌ನ_ಮಲ್ನಾಡಿಗ

ನಾಳೆಯಿಂದ ನನಗೆ ಜರ್ಮನ್ ಬರಲ್ಲ. ಹೆಂಡತಿಗೆ ಹೇಳಿಯಾಯಿತು. ಆಫೀಸಿನವರಿಗೆ ಹೇಗೆ ಹೇಳೋದು ಗೊತ್ತಾಗುತ್ತಿಲ್ಲ.

ಶರಾವತಿ_ಟೆಕ್ಸಾಸ್

ಮೇಡಂ, ಧಾರಾಳವಾಗಿ ಹೇಳಿ. ಮಗಳಿಗೆ ಗೊತ್ತಾಗಿದ್ದು ಹತ್ತನೇ ವಯಸ್ಸಿನಲ್ಲಿ. ರಜೆಗೆ ಸಾಗರಕ್ಕೆ ಹೋಗಿದ್ದಾಗ ಹಳೇ ವಿದ್ಯಾರ್ಥಿಯೊಬ್ಬರು ಮನೆಗೆ ಬಂದು ಗೇಟಿನಲ್ಲೇ "ಗುಡ್ ಮಾರ್ನಿಂಗ್ ಮಿಸ್" ಅಂದುಬಿಟ್ಟರು. ಅಮ್ಮನ ಮುಖ ನೋಡಬೇಕಿತ್ತು.

ಈ ಲಿಂಕ್ ಮಗಳಿಗೆ ಕಳಿಸಿದ್ದೇನೆ. ಬರೆದರೆ ಬರೆಯುತ್ತಾಳೆ.

ದೋಸೆ_ದೋಸೆ

ಎಲ್ಲರಿಗೂ ನಮಸ್ಕಾರ. ನಾನೇ ಆ ಮಗಳು. ಟೈಪ್ ಮಾಡಲು ತುಂಬ ಹೊತ್ತು ಬೇಕಾಯಿತು, ತಪ್ಪಿದ್ದರೆ ಕ್ಷಮಿಸಿ.

ಅಮ್ಮ, ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ನನಗೆ ಗೊತ್ತಾಗಿದ್ದು ಹತ್ತನೇ ವಯಸ್ಸಿನಲ್ಲಿ ಅಲ್ಲ. ಐದನೇ ವಯಸ್ಸಿನಲ್ಲಿ. ಒಂದು ರಾತ್ರಿ ನೀರು ಕುಡಿಯಲು ಎದ್ದಿದ್ದೆ. ಅಜ್ಜಿ ಪೇಪರ್ ಓದುತ್ತಾ ಅದರ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು.

ನಾನು ಯಾರಿಗೂ ಹೇಳಲಿಲ್ಲ. ಅಜ್ಜಿಗೆ ಡಾಕ್ಟರ್ ಹತ್ತಿರ ಮಾತಾಡಲು ನಾನು ಬೇಕಿತ್ತಲ್ಲ.

ಶರಾವತಿ_ಟೆಕ್ಸಾಸ್

ಅಮ್ಮನಿಗೆ ಫೋನ್ ಮಾಡುತ್ತಿದ್ದೇನೆ. ಸಾಗರದಲ್ಲಿ ಈಗ ಬೆಳಗಿನ ಜಾವ ಐದೂವರೆ, ಎದ್ದಿರುತ್ತಾರೆ.